ಭಾರವಾದದ್ದು ಮಗ್ಗವಲ್ಲ

ಎಂಬತ್ತೈದನೆಯ ಇಸವಿಯ ಮಾತು. ಇಳಕಲ್ಲಿನ ನೇಕಾರ ಅಮಾತೆಪ್ಪನಿಗೆ ತನ್ನ ಮಗ್ಗದ ಮೇಲೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಹೇಳಿದ ಹಾಗೆ ಕೇಳಿಕೊಂಡಿದ್ದ ಕುಣಿಮಗ್ಗ ಈಗ ಹಟ ಹಿಡಿದಿದೆ ಎಂಬುದು ಅವನ ದೂರು. ಕಾಲಿನ ಹಲಗೆ ಬಿಗಿಯಾಗಿದೆ ಎಂದು ಹಗ್ಗ ಬದಲಿಸಿದ. ಬಡಿಯುವ ಹಲಗೆ ಭಾರವಾಗಿದೆ ಎಂದು ಬಡಿಗನನ್ನು ಕರೆಸಿ ಕೆತ್ತಿಸಿದ. ಕಡೆಗೆ, ಕಾಲು ಇಳಿಬಿಟ್ಟು ಕೂರುವ ಕುಣಿಯಿಂದ ಮೇಲೇಳಲು ಆಗುತ್ತಿಲ್ಲ ಎಂದು ಆ ಕುಣಿಗೇ ಎರಡು ಬುಟ್ಟಿ ಮಣ್ಣು ಹಾಕಿಸಿದ. ಮುಂದಿನ ತಿಂಗಳು ಮತ್ತೆ ಎರಡು ಬುಟ್ಟಿ.

ಮಣ್ಣು ಹೊರುತ್ತಿದ್ದವಳು ಹೆಂಡತಿ ಸಂಗವ್ವ. ಅವಳು ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಿಂಗ ಮಣ್ಣ ಹಾಕ್ಕೋತ ಹೋದ್ರ ಬರೂ ವರ್ಷ ನೀವು ಮಾಳಗಿ ಮ್ಯಾಲ ಕುಂತು ನೇಯಬೇಕಾಕ್ಕೈತಿ ನೋಡ್ರಿ."

"ಮಗ್ಗ ಭಾರ ಆಗೇತಿ. ನಾ ಏನ್ ಮಾಡ್ಲಿ?"

ಸಂಗವ್ವ ನಕ್ಕಳೇನೋ ಖರೆ, ಆದರೆ ಒಳಗೊಳಗೆ ಹೆದರಿದ್ದಳು. ಗಂಡನಿಗೆ ತಲೆ ಬಾಚಿಕೊಳ್ಳಲು ಕೈ ಮೇಲೆ ಬರುತ್ತಿರಲಿಲ್ಲ. ಅಂಗಿಯನ್ನು ಅವಳೇ ತೊಡಿಸಬೇಕು, ನೆಲದ ಮೇಲೆ ಕುಳಿತರೆ ಅವಳೇ ರಟ್ಟೆ ಹಿಡಿದು ಎಬ್ಬಿಸಬೇಕು. ನಲವತ್ತು ದಾಟುವ ಮೊದಲೇ ಈ ಮನುಷ್ಯ ಹಾಸಿಗೆ ಹಿಡಿದರೆ ಏನು ಗತಿ ಎಂದು ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಅದೇ ಓಣಿಯ ಕಾಸಿಂಬಿ ಸರಕಾರಿ ದವಾಖಾನೆಯಲ್ಲಿ ನರ್ಸು. ಕೆಲಸ ಮುಗಿಸಿ ಮನೆಗೆ ಹೋಗುವಾಗ ಅಂಗಳದಲ್ಲಿ ಮಣ್ಣಿನ ಗುಡ್ಡೆ ನೋಡಿ ಒಳಗೆ ಬಂದಳು. ಸಂಗವ್ವ ಎಲ್ಲವನ್ನೂ ಹೇಳಿದಳು.

"ಅಣ್ಣಾರ, ಮಗ್ಗದ ಪಂಚಾಯ್ತಿ ಆಮ್ಯಾಲ ಮಾಡೂಣು. ಕೈ ಊರದಂಗ ನೆಲದಿಂದ ಏಳ್ರಿ, ನೋಡ್ತೇನಿ," ಎಂದಳು ಕಾಸಿಂಬಿ.

ಅಮಾತೆಪ್ಪ ಪ್ರಯತ್ನಿಸಿದ. ಅರ್ಧಕ್ಕೆ ಎದ್ದು ಮತ್ತೆ ಕುಳಿತ.

"ನೆಲಾನೂ ಭಾರ ಆಗೇತೇನ್ರಿ?"

ಮರುದಿನ ಕಾಸಿಂಬಿಯೇ ಅವನನ್ನು ದವಾಖಾನೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಕೈಕಾಲು ಹಿಡಿದು ನೋಡಿ, ತೊಂದರೆ ನರದಲ್ಲಿದೆಯೋ ಮಾಂಸಖಂಡದಲ್ಲಿದೆಯೋ ತಿಳಿಯಬೇಕು, ಅದಕ್ಕೆ ಹುಬ್ಬಳ್ಳಿಯಲ್ಲಿ ಸೂಜಿಯ ಪರೀಕ್ಷೆ ಮಾಡಿಸಿ ಎಂದರು. ಸಂಜೆ ಮನೆಯಲ್ಲಿ ಅಮಾತೆಪ್ಪ ಮತ್ತೆ ಹಟಕ್ಕೆ ಬಿದ್ದ.

"ನಾ ಒಲ್ಲೆ ತಂಗಿ. ಸೂಜಿ ಚುಚ್ಚಿ ಕರೆಂಟ್ ಬಿಡ್ತಾರಂತ. ಇದ್ದ ಒಂದೀಟು ಕಸುವೂ ಹೋಕ್ಕೈತಿ. ಹೊಳಬಸಪ್ಪ ಹೇಳ್ಯಾನ."

"ಚಾದಂಗಡಿ ಹೊಳಬಸಪ್ಪ? ಅಂವ ಯಾವಾಗ ಡಾಕ್ಟರ್ ಆದ್ನೋ?" ಎಂದಳು ಕಾಸಿಂಬಿ. "ಕೇಳ್ರಿ ಅಣ್ಣಾರ. ಆ ಸೂಜಿ ಕರೆಂಟ್ ಬಿಡೂದಿಲ್ಲ. ನಾವು ಕೈ ಎತ್ತಿದಾಗ ಮಾಂಸಖಂಡದಾಗ ತಾನ ಸಣ್ಣ ವಿದ್ಯುತ್ ಹುಟ್ಟತೈತಿ, ಸೂಜಿ ಅದನ್ನ ಮಶೀನಿಗೆ ಮುಟ್ಟಸ್ತೈತಿ, ಅಷ್ಟ. ಅದರ ಜೋಡಿ ಇನ್ನೊಂದು ಪರೀಕ್ಷಾ ಮಾಡ್ತಾರ. ಅದರಾಗ ನರ ಒಂದೀಟು ಜುಮ್ ಅಂತೈತಿ. ಅದರಿಂದಾನೂ ಕಸುವು ಹೋಗೂದಿಲ್ಲ."

"ನೋವು?"

"ಆಗತೈತಿ. ಸೂಜಿ ಅಂದಮ್ಯಾಲ ಚುಚ್ಚತೈತಿ. ಸುಳ್ಳು ಯಾಕ ಹೇಳ್ಲಿ?"

ಅಮಾತೆಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದ. ಆಗ ಸಂಗವ್ವ ಎದ್ದಳು.

"ನೀವು ಹೋಗೂದಿಲ್ಲಂದ್ರ ಬ್ಯಾಡ ಬಿಡ್ರಿ. ನಾಳಿಂದ ಮಣ್ಣಿನ ಬುಟ್ಟಿ ಮಾತ್ರ ನೀವ ಹೊರ್ರಿ."

ಖಾಲಿ ಬುಟ್ಟಿ ಎತ್ತುವುದೂ ಅವನಿಗೆ ಕಷ್ಟವಾಗಿತ್ತು. ಆ ವಾರವೇ ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿದರು.

ಪರೀಕ್ಷೆಯ ಕೋಣೆಯಲ್ಲಿ ಡಾಕ್ಟರ್ ಜಯತೀರ್ಥ ತೋಳಿಗೆ ಸಣ್ಣ ಸೂಜಿ ಚುಚ್ಚಿದರು. ಅಮಾತೆಪ್ಪ ಹಲ್ಲು ಕಚ್ಚಿದ. ಕೈಯನ್ನು ಸ್ವಲ್ಪವೇ ಎತ್ತಿ ಎಂದರು. ಎತ್ತಿದೊಡನೆ ಮಶೀನಿನ ಗಾಜಿನ ಮೇಲೆ ಹಸಿರು ಗೆರೆ ಕುಣಿಯಿತು, ಹಂಚಿನ ಮೇಲೆ ಜೋಳದ ಅಳ್ಳು ಸಿಡಿದ ಹಾಗೆ ಪಟಪಟ ಸದ್ದು ಬಂತು.

"ಯಾರು ಅಳ್ಳು ಹುರಿಯಾಕತ್ತಾರ್ರಿ ಸಾಹೇಬ್ರ?"

"ನೀವ. ಅದು ನಿಮ್ಮ ತೋಳಿನ ಸಪ್ಪಳ," ಎಂದು ಡಾಕ್ಟರು ನಕ್ಕರು. "ಒಂದು ನರದ ಕೈಯಾಗ ಭಾಳಷ್ಟು ಮಾಂಸದ ಎಳಿ ಇರತಾವು. ನರ ಹುಕುಮು ಕೊಟ್ರ ಎಲ್ಲಾ ಒಮ್ಮೆಲೆ ಜಗ್ಗತಾವು. ಅಂಥಾ ಒಂದು ಗುಂಪಿಗೆ ಮೋಟಾರ್ ಯೂನಿಟ್ ಅಂತೀವಿ. ಆ ಗುಂಪುಗಳ ಸಪ್ಪಳ ಕೇಳಾಕ ಈ ಮಶೀನು."

ಸೂಜಿ ಚುಚ್ಚಿದ್ದನ್ನೇ ಮರೆತು ಅಮಾತೆಪ್ಪ ಯೋಚಿಸಿದ. "ನಮ್ಮ ಮಗ್ಗದಂಗ ಆತಲ್ರಿ. ಒಂದು ಹಲಗಿ ತುಳಿದ್ರ, ಅದಕ್ಕ ಕಟ್ಟಿದ ಎಳಿ ಅಷ್ಟೂ ಏಳತಾವು. ಹಂಗಾರ ನಂದು ಹಗ್ಗ ಹರದೈತೋ, ಎಳಿ ಸೊರಗ್ಯಾವೋ?"

"ಅದನ್ನ ನಾನೂ ಹುಡುಕಾಕತ್ತೇನಿ. ನಿಮ್ಮ ಹಗ್ಗ, ಅಂದ್ರ ನರ, ಚೊಲೋ ಐತಿ. ಎಳಿ ಸೊರಗ್ಯಾವು. ಒಂದೊಂದು ಗುಂಪಿನ ದನಿ ಸಣ್ಣದಾಗೇತಿ. ಅದಕ್ಕ ಕೈ ಒಂದೀಟು ಎತ್ತಿದ್ರೂ ಭಾಳ ಗುಂಪು ಕೂಡಿ ಓಡಿ ಬರಾಕತ್ತಾವು."

ರಕ್ತ ನೋಡಿದರು, ಮಾಂಸಖಂಡದ ಒಂದು ಚೂರನ್ನೂ ತೆಗೆದು ನೋಡಿದರು. ಮಾಂಸಖಂಡಕ್ಕೆ ಬಾವು ಬಂದಿದೆ ಎಂಬುದು ಖಚಿತವಾಯಿತು.

"ಇಂಥಾ ಎಲ್ಲಾ ಬ್ಯಾನಿಗೂ ಔಷಧ ಇಲ್ಲ," ಎಂದರು ಡಾಕ್ಟರು. "ನಿಮ್ಮದಕ್ಕ ಐತಿ."

ಸಂಗವ್ವ ದವಾಖಾನೆ ಎಂಬುದನ್ನೂ ನೋಡದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಎಷ್ಟೋ ದಿನಗಳ ಮೇಲೆ ಅವಳು ಸಂತೋಷಕ್ಕೆ ಅತ್ತದ್ದು.

ಗುಳಿಗೆ ಶುರುವಾಯಿತು. ಆರಾಮ ಅನಿಸಿತೆಂದು ತಾವಾಗಿಯೇ ನಿಲ್ಲಿಸಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಕಾಸಿಂಬಿ ಬಿಡುವಾದಾಗ ಬಂದು ರಕ್ತದೊತ್ತಡ ನೋಡುವಳು, ಕೈಕಾಲಿನ ವ್ಯಾಯಾಮ ಮಾಡಿಸುವಳು, ಮಾಡದಿದ್ದರೆ ಬೈಯುವಳು. ಕಸುವು ಒಂದೇ ದಿನಕ್ಕೆ ಬರಲಿಲ್ಲ, ನಿಧಾನವಾಗಿ ಬಂತು. ಮೊದಲು ತಲೆ ಬಾಚಿಕೊಂಡ, ಆಮೇಲೆ ಅಂಗಿ ತೊಟ್ಟುಕೊಂಡ.

ಮುಂದಿನ ವರ್ಷ ಹುನಗುಂದದಲ್ಲಿ ಅಮಾತೆಪ್ಪನ ಅಕ್ಕ ಗುರುಲಿಂಗವ್ವನ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ ಸಾಲಾಗಿ ಊಟಕ್ಕೆ ಕುಳಿತಿದ್ದರು. ಸಂಗವ್ವನ ಎಲೆಗೆ ಗೋಧಿ ಹುಗ್ಗಿ ಬಿತ್ತು, ಮೇಲೆ ತುಪ್ಪ ಬಿತ್ತು. ಎರಡು ತುತ್ತು ತಿಂದವಳು ರೂಢಿಯಂತೆ ಎದ್ದು ಪಡಸಾಲೆಗೆ ಓಡಿದಳು. ಯಾವ ಕಾರ್ಯಕ್ಕೆ ಹೋದರೂ ಅವಳ ಊಟ ಅರ್ಧವೇ. ಗಂಡನನ್ನು ಪಂಕ್ತಿಯಿಂದ ಎಬ್ಬಿಸಲು ಹೋಗಬೇಕಲ್ಲ.

ಪಂಕ್ತಿಯಲ್ಲಿ ಗಂಡನ ಜಾಗ ಖಾಲಿಯಾಗಿತ್ತು. ಅಮಾತೆಪ್ಪ ಅಂಗಳದಲ್ಲಿ ನಿಂತು ಕೈ ತೊಳೆದುಕೊಳ್ಳುತ್ತಿದ್ದ.

"ಯಾರು ಎಬ್ಬಿಸಿದ್ರು?" ಎಂದು ಕೇಳಿದಳು.

"ಯಾರೂ ಇಲ್ಲ. ಹೋಗು, ನಿನ್ನ ಹುಗ್ಗಿ ಆರತೈತಿ."

ಸಂಗವ್ವ ಒಳಗೆ ಬಂದು ತನ್ನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಕಣ್ಣು ಒರೆಸಿಕೊಂಡು ಬಡಿಸುವವರನ್ನು ಕರೆದಳು.

"ನನಗ ಇನ್ನೆರಡು ಸೌಟು ಹಾಕ್ರಿ. ಇವತ್ತ ನಾ ಕುಂತು ಉಣ್ತೇನಿ."

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕೈ ಮೇಲೆತ್ತಲು, ನೆಲದಿಂದ ಏಳಲು, ಮೆಟ್ಟಿಲು ಹತ್ತಲು ದಿನದಿನಕ್ಕೆ ಕಷ್ಟವಾಗುತ್ತಿದೆಯೇ? ಮಗ್ಗವನ್ನು, ನೇಗಿಲನ್ನು, ವಯಸ್ಸನ್ನು ಬೈಯುತ್ತ ಕೂರಬೇಡಿ. ಹತ್ತಿರದ ದವಾಖಾನೆಗೆ ತೋರಿಸಿ. ಸೂಜಿಯ ಪರೀಕ್ಷೆ ಬೇಕೆಂದರೆ ಹೆದರದೆ ಮಾಡಿಸಿ. ಅದು ನಿಮ್ಮ ಕಸುವನ್ನು ಕಸಿಯುವುದಿಲ್ಲ, ತೊಂದರೆ ಎಲ್ಲಿದೆ ಎಂದು ಹೇಳುತ್ತದೆ. ಕಸುವು ಕುಂದಿದವರನ್ನು ಎಬ್ಬಿಸಲೆಂದು ಅರ್ಧ ಊಟಕ್ಕೆ ಎದ್ದು ಓಡುವವರು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಅವರೂ ಕುಳಿತು ಹೊಟ್ಟೆ ತುಂಬ ಉಣ್ಣಲಿ.