ಸಾಬೂನು ಕಾರ್ಖಾನೆಯ ಐದನೇ ಧ್ವನಿ

ಬೆಳಿಗ್ಗೆ ಹತ್ತೂವರೆಗೆ ದೊಡ್ಡಮ್ಮನ ಫೋನ್ ಬಂದಾಗ ಪುಟ್ಟಿ ಏಣಿಯ ಮೇಲಿದ್ದಳು.

"ನಾಲ್ಕು ಗಂಟೆಗೆ ತಾನೆ ಪುಟ್ಟಿ?"

"ಹೌದು ದೊಡ್ಡಮ್ಮ. ಸ್ವಲ್ಪ ಮುಂಚೆ ಬಾ, ಕುರ್ಚಿ ಹಿಡಿದಿಡ್ತೀನಿ."

"ಎರಡು ಹಿಡಿ. ಗೋಂದಕ್ಕನ್ನೂ ಕರ್ಕೊಂಡು ಬರ್ತಿದ್ದೀನಿ. ಬರಲ್ಲ ಬರಲ್ಲ ಅಂತಿದ್ದಳು. ನಮ್ಮ ಹುಡುಗಿ ನಮ್ಮ ಕಾರ್ಖಾನೇನ ಗೋಡೆಗೆ ಹತ್ತಿಸಿದ್ದಾಳೆ, ನೋಡ್ದೇ ಇದ್ರೆ ಹೇಗೆ ಅಂತ ಕಾಡಿಸಿ ಒಪ್ಪಿಸಿದೆ."

ಪುಟ್ಟಿ ಏಣಿಯಿಂದ ಇಳಿದಳು. ಗೋಂದಕ್ಕ ಬರುತ್ತಾಳೆಂದು ಅವಳು ಎಣಿಸಿಯೇ ಇರಲಿಲ್ಲ.

ಅವಳು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದದ್ದು ಸಾರ್ವಜನಿಕ ಇತಿಹಾಸ ಮತ್ತು ಪರಂಪರೆ. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಅಪ್ಪ "ಮ್ಯೂಸಿಯಂ ಕೆಲಸ" ಎಂದು ಮುಗಿಸುತ್ತಿದ್ದರು. ದೊಡ್ಡಮ್ಮನ ಉತ್ತರವೇ ಬೇರೆ: "ಮುದುಕಿಯರ ಮಾತು ಕೇಳೋಕೆ ಇವರಿಗೆ ಡಿಗ್ರಿ ಕೊಡ್ತಾರಂತೆ. ನಾವು ಕೆಲಸ ಬಿಟ್ಟು ಮಾತು ಕೇಳಿದ್ರೆ ಬೈಗುಳ ಕೊಡ್ತಿದ್ರು." ಕೊನೆಯ ವರ್ಷಕ್ಕೆ ಪರೀಕ್ಷೆಯ ಬದಲು ಒಂದು ಪ್ರದರ್ಶನ ಮಾಡಬೇಕಿತ್ತು. ಪುಟ್ಟಿ ಆರಿಸಿಕೊಂಡದ್ದು ಊರಿನ ಮುಚ್ಚಿಹೋದ ಸಾಬೂನು ಕಾರ್ಖಾನೆಯನ್ನು. ವಿಭಾಗದ ಕೆಳಗಿನ ಹಾಲ್‌ನಲ್ಲಿ ಹಳೆಯ ಫೋಟೋಗಳು, ಅಚ್ಚುಗಳು, ಮತ್ತು ಸಾಲಾಗಿ ಆರು ಹೆಡ್‌ಫೋನ್. ಒಂದೊಂದರಲ್ಲಿ ಒಬ್ಬೊಬ್ಬ ಕೆಲಸದವಳ ಧ್ವನಿ. ಐದನೆಯದು ದೊಡ್ಡಮ್ಮನದು.

ದೊಡ್ಡಮ್ಮ ಅಲ್ಲಿ ಇಪ್ಪತ್ತಾರು ವರ್ಷ ಸಾಬೂನು ಕಟ್ಟಿದವಳು. ಪಕ್ಕದಲ್ಲಿ ಕೂತು ಚೀಟಿ ಅಂಟಿಸುತ್ತಿದ್ದವಳು ಗೋಂದಕ್ಕ. ಅವಳು ಅಂಟಿಸಿದ ಚೀಟಿ ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ಹೆಸರು ಅಲ್ಲಿಂದ ಬಂದದ್ದು, ಈಗ ಅವಳ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಅವಳು ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾದಾಗ, ಒಂದು ಸಂಜೆ ಗೇಟಿನಲ್ಲಿ ಅವಳ ಚೀಲದೊಳಗೆ ಎರಡು ಸಾಬೂನು ಸಿಕ್ಕವು. ಮರುದಿನದಿಂದ ಬರಬೇಡ ಎಂದರು.

ಆ ಸಾಬೂನನ್ನು ಅಲ್ಲಿ ಇಟ್ಟವಳು ದೊಡ್ಡಮ್ಮ. ಗೋಂದಕ್ಕನ ಚೀಲವನ್ನು ಕಾವಲಿನವಳು ಎಂದೂ ತೆಗೆಸುತ್ತಿರಲಿಲ್ಲ, ಅಷ್ಟು ನಂಬಿಕೆ. ಗೇಟು ದಾಟಿದ ಮೇಲೆ ಮೆಲ್ಲಗೆ ತೆಗೆದುಕೊಂಡರಾಯಿತು ಎಂದು ಇಟ್ಟದ್ದು. ಅವತ್ತು ಎಲ್ಲರ ಚೀಲವನ್ನೂ ತೆಗೆಸಿದರು. ತಾನೇ ಎಂದು ಹೇಳಲು ದೊಡ್ಡಮ್ಮನಿಗೆ ಬಾಯಿ ಬರಲಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಶಾಲೆಗೆ ಹೋಗುವ ತಂಗಿಯೊಬ್ಬಳಿದ್ದಳು. ಆ ತಂಗಿಯೇ ಪುಟ್ಟಿಯ ಅಮ್ಮ.

ಇದನ್ನು ದೊಡ್ಡಮ್ಮ ಹೇಳಿದ್ದು ಎರಡು ಗಂಟೆ ಮಾತಾಡಿದ ಮೇಲೆ, ಟೀ ಸೋಸುತ್ತ, ತಲೆಯೆತ್ತದೆ. ಮೇಜಿನ ಮೇಲೆ ರೆಕಾರ್ಡರ್ ಓಡುತ್ತಲೇ ಇತ್ತು.

"ಒಪ್ಪಿಗೆ ಪತ್ರಕ್ಕೆ ಸಹಿ ಮಾತು ಮುಗಿದ ಮೇಲೆ ಹಾಕಿಸಿ," ಎಂದು ಮೇಡಂ ತರಗತಿಯಲ್ಲಿ ಹೇಳಿ ಹೇಳಿ ಸುಸ್ತಾಗಿದ್ದರು. "ಏನು ಹೇಳಿದೀನಿ ಅಂತ ಗೊತ್ತಾದ ಮೇಲೆ ತಾನೆ ಕೊಡೋದೋ ಬಿಡೋದೋ ಯೋಚನೆ ಮಾಡೋದು? ಗೋಡೆಗೆ ಹಾಕೋ ಮುಂಚೆ ಅವರ ಮಾತನ್ನ ಅವರಿಗೇ ಕೇಳಿಸಿ." ಉಳಿದ ಐವರ ಹತ್ತಿರ ಪುಟ್ಟಿ ಹಾಗೇ ಮಾಡಿದ್ದಳು. ದೊಡ್ಡಮ್ಮನ ಹತ್ತಿರ ಮಾತ್ರ ಬಾಗಿಲಲ್ಲೇ ಸಹಿ ಹಾಕಿಸಿಕೊಂಡಿದ್ದಳು, ನಮ್ಮವಳು ತಾನೆ ಎಂದು. ನಾವು ಹೊರಗಿನವರಿಗೆ ತೋರಿಸುವ ಮರ್ಯಾದೆಯಲ್ಲಿ ಕಾಲುಭಾಗವನ್ನೂ ಮನೆಯವರಿಗೆ ತೋರಿಸುವುದಿಲ್ಲ.

ಧ್ವನಿಯನ್ನು ಕತ್ತರಿಸುವಾಗ ಹೆಸರುಗಳನ್ನೆಲ್ಲ ತೆಗೆದಳು. ಅಷ್ಟು ಸಾಕು ಎಂದುಕೊಂಡಳು. ಮೇಡಂ ಅದನ್ನು ಕೊನೆಯವರೆಗೂ ಕೇಳಿ ಹೆಡ್‌ಫೋನ್ ಕಳಚಿಟ್ಟರು.

"ಅವರು ಇದನ್ನ ಕೇಳಿದ್ದಾರಾ?"

"ಕೇಳಿದ್ದಾರೆ ಮೇಡಂ."

ನಾಲಗೆಯಿಂದ ಸಲೀಸಾಗಿ ಜಾರಿದ ಸುಳ್ಳು. ಆಮೇಲೆ ಕೇಳಿಸಿದರಾಯಿತು ಎಂದುಕೊಂಡಳು. ಒಂದು ವಾರ ಜ್ವರ, ಇನ್ನೊಂದು ವಾರ ಪ್ರಿಂಟಿಂಗ್‌ನವನ ಹಿಂದೆ ಓಡಾಟ. ಕೆಲಸ ಹಾಗೇ ಉಳಿಯಿತು. ಈಗ ಐದನೇ ಹೆಡ್‌ಫೋನಿನ ಮೇಲೆ, ಗೋಡೆಗೆ, ಗೇಣುದ್ದದ ಅಕ್ಷರಗಳಲ್ಲಿ ಅಂಟಿತ್ತು: "ಅವಳ ಚೀಲದಲ್ಲಿ ಸಾಬೂನು ಇಟ್ಟವಳು ನಾನು. ಅವಳಿಗೆ ಇವತ್ತಿಗೂ ಗೊತ್ತಿಲ್ಲ."

"ಹೆಸರು ತೆಗೆದಿದ್ದೀಯಲ್ಲ, ಮತ್ತೇನು?" ಎಂದ ಫೋನಿನ ಸುದ್ದಿ ಕೇಳಿದ ಸಹಪಾಠಿ ಉದ್ದಣ್ಣ. ಎತ್ತರವಿದ್ದಾನೆಂಬ ಒಂದೇ ಕಾರಣಕ್ಕೆ ವೈರು, ಬಲ್ಬಿನ ಕೆಲಸವೆಲ್ಲ ಅವನ ತಲೆಗೇ ಬಿದ್ದಿತ್ತು.

"ಹೆಸರು ತೆಗೆದೆ. ಧ್ವನಿ ಅವಳದೇ ಅಲ್ವಾ? ಒಂಬತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ಹೆಸರು ಯಾಕೋ ಬೇಕು?"

ಉದ್ದಣ್ಣ ತಲೆ ಕೆರೆದುಕೊಂಡ. "ವೈರು ಕಿತ್ತುಬಿಡ್ತೀನಿ. ಕೆಟ್ಟಿದೆ ಅಂತ ಒಂದು ಚೀಟಿ ಹಾಕೋಣ. ಕೆಟ್ಟಿದೆ ಅಂದ್ರೆ ಯಾರೂ ಅನುಮಾನ ಪಡಲ್ಲ. ಕೆಲಸ ಮಾಡ್ತಿದೆ ಅಂದ್ರೇ ಅನುಮಾನ."

ಪುಟ್ಟಿಗೆ ಆಸೆಯಾಯಿತು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ಒಂದು ಸುಳ್ಳು ಮುಚ್ಚಲು ಇನ್ನೊಂದು. ನಾಳೆ ಯಾರಾದರೂ ವೈರು ಸಿಕ್ಕಿಸಿದರೆ? ಎದ್ದು ಮೇಡಂ ಕೋಣೆಗೆ ಹೋದಳು. ನಿಂತೇ ಎಲ್ಲ ಹೇಳಿದಳು.

ಮೇಡಂ ಕನ್ನಡಕ ತೆಗೆದಿಟ್ಟರು. "ಪರೀಕ್ಷಕರು ಐದಕ್ಕೆ ಬರ್ತಾರೆ. ನೀನು ಅವರಿಗೆ ಕಳಿಸಿರೋ ಬರಹದಲ್ಲಿ ಅರ್ಧ ಇದರ ಮೇಲೇ ಇದೆ."

"ಗೊತ್ತು ಮೇಡಂ."

"ಫೇಲ್ ಮಾಡಬಹುದು."

"ಗೊತ್ತು."

"ನನ್ನ ಹತ್ತಿರ ಸುಳ್ಳು ಹೇಳಿದ್ದರ ಬಗ್ಗೆ ಆಮೇಲೆ ಮಾತಾಡೋಣ. ಈಗ ಹೋಗಿ ತೆಗಿ. ಅಳೋದಿದ್ರೆ ತೆಗೀತಾ ಅಳು, ಟೈಮ್ ಉಳಿಯುತ್ತೆ."

ಅಂಟಿಸಲು ಅರ್ಧ ಗಂಟೆ ಹಿಡಿದಿದ್ದ ಅಕ್ಷರಗಳು ಕೀಳಲು ಹೋದರೆ ಜಪ್ಪಯ್ಯ ಎನ್ನಲಿಲ್ಲ. ಹಾಸ್ಟೆಲಿನಿಂದ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಹಿಡಿದು, ಉಗುರಿನಿಂದ ಒಂದೊಂದನ್ನೇ ಎಬ್ಬಿಸಬೇಕಾಯಿತು. ಕೆಲವದರ ಜೊತೆ ಗೋಡೆಯ ಬಣ್ಣವೂ ಎದ್ದು ಬಂತು. ಉದ್ದಣ್ಣ ಧ್ವನಿಯನ್ನು ಯಂತ್ರದಿಂದ ಅಳಿಸಿ, ಹೆಡ್‌ಫೋನನ್ನೇ ಬಿಚ್ಚಿ ಒಳಗಿಟ್ಟ. ಊಟಕ್ಕೆ ಯಾರೂ ಏಳಲಿಲ್ಲ. ಪುಟ್ಟಿ ಗಡಿಯಾರ ನೋಡಿದಾಗಲೆಲ್ಲ ಅದು ಕಾಲು ಗಂಟೆ ಮುಂದಕ್ಕೆ ಹಾರಿರುತ್ತಿತ್ತು.

ವಯಸ್ಸಾದವರು ಹೇಳಿದ ಹೊತ್ತಿಗೆ ಎಂದೂ ಬರುವುದಿಲ್ಲ, ಮುಂಚೆಯೇ ಬರುತ್ತಾರೆ. ಮೂರಕ್ಕೆ ಇನ್ನೂ ಐದು ನಿಮಿಷವಿದ್ದಾಗ ಬಾಗಿಲಲ್ಲಿ ದೊಡ್ಡಮ್ಮನ ಧ್ವನಿ ಕೇಳಿತು. ಗೋಡೆಯ ಮೇಲೆ ಇನ್ನೂ "ಇವತ್ತಿಗೂ ಗೊತ್ತಿಲ್ಲ" ಉಳಿದಿತ್ತು. ಉದ್ದಣ್ಣ ಸರಕ್ಕನೆ ಒಂದು ರಟ್ಟಿನ ಹಾಳೆ ಎತ್ತಿಕೊಂಡು ಅದರ ಮುಂದೆ ನಿಂತ.

"ಈ ಹುಡುಗನನ್ನೂ ಪ್ರದರ್ಶನಕ್ಕೆ ಇಟ್ಟಿದ್ದೀರಾ?" ಎಂದಳು ಗೋಂದಕ್ಕ. ಸಣ್ಣ ದೇಹ, ನೀಟಾಗಿ ಬಾಚಿದ ಬಿಳಿ ತಲೆ. ಬಂದವಳೇ ಫೋಟೋಗಳ ಹತ್ತಿರ ಹೋಗಿ ಬೆರಳಿಟ್ಟು ಒಬ್ಬೊಬ್ಬರನ್ನೇ ಗುರುತಿಸತೊಡಗಿದಳು. "ಇವಳು ನೋಡೇ, ಎಷ್ಟು ಸೊಟ್ಟ ಅಂಟಿಸ್ತಿದ್ದಳು."

ಪುಟ್ಟಿ ದೊಡ್ಡಮ್ಮನ ಕೈ ಹಿಡಿದು ಕಾರಿಡಾರಿಗೆ ಕರೆದುಕೊಂಡು ಹೋದಳು. ಏನು ಮಾಡಿದ್ದೆ, ಏನು ತೆಗೆದೆ, ಎಲ್ಲ ಒಂದೇ ಉಸಿರಿಗೆ ಹೇಳಿದಳು.

"ನಾನು ಅದನ್ನ ಹೇಳಿದ್ನಾ?"

"ಟೀ ಸೋಸ್ತಾ ಹೇಳಿದೆ."

"ನಿನಗೆ ಹೇಳಿದೆ. ಗೋಡೆಗೆ ಹೇಳಲಿಲ್ಲ."

"ತಪ್ಪಾಯ್ತು ದೊಡ್ಡಮ್ಮ. ಈಗ ಎಲ್ಲೂ ಇಲ್ಲ. ಅವರಿಗೆ ಗೊತ್ತಾಗಲ್ಲ."

ದೊಡ್ಡಮ್ಮ ಗೋಡೆಗೆ ಒರಗಿದಳು. "ಎಷ್ಟು ಜನ ಕೇಳಿದ್ದಾರೆ?"

ಪುಟ್ಟಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೇಡಂ, ಉದ್ದಣ್ಣ, ಪ್ರಿಂಟಿಂಗ್‌ನವನು, ತರಗತಿಯ ಇಬ್ಬರು, ಬರಹ ಓದಿದ ಪರೀಕ್ಷಕರು. "ಆರು ಜನ."

"ಇಷ್ಟು ವರ್ಷ ನನಗೊಬ್ಬಳಿಗೇ ಗೊತ್ತಿತ್ತು, ಹೊತ್ಕೊಂಡಿದ್ದೆ. ಈಗ ಮುಖ ನೋಡದವರಿಗೆಲ್ಲ ಗೊತ್ತು. ಅವಳು ಅವರ ನಡುವೆ ನಿಂತು ಫೋಟೋ ನೋಡ್ತಿದ್ದಾಳೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವಳು ಹೀಗೆ ಪೆದ್ದಿ ಆಗೋದು ಬೇಡ."

"ಹೇಳ್ಬೇಡ ದೊಡ್ಡಮ್ಮ. ನನ್ನಿಂದ ನೀವಿಬ್ಬರೂ..."

"ನಿನ್ನಿಂದ ಅಲ್ಲ. ಸಾಬೂನು ಇಟ್ಟವಳು ನೀನಾ? ಸರಿ ಆಚೆ."

ಹಾಲ್ ಬಾಗಿಲಲ್ಲಿ ನಿಂತು ಕೂಗಿದಳು, "ಬಾರೇ, ಹೊರಗೆ ಗಾಳಿಗೆ ಕೂತ್ಕೊಳ್ಳೋಣ."

"ಈಗ ತಾನೆ ಬಂದಿದ್ದೀವಿ."

"ಬಾ ಅಂದ್ರೆ ಬಾ."

ಹಾಲ್‌ನ ಗಾಜಿನ ಕಿಟಕಿಯಿಂದ ಜಗಲಿಯ ಬೆಂಚು ಕಾಣುತ್ತಿತ್ತು. ಪುಟ್ಟಿ ಉಳಿದ ಅಕ್ಷರಗಳನ್ನು ಕೀಳುತ್ತ ಅತ್ತಲೇ ನೋಡುತ್ತಿದ್ದಳು. ಒಂದು ಮಾತೂ ಕೇಳುತ್ತಿರಲಿಲ್ಲ. ಮೊದಲು ಗೋಂದಕ್ಕನ ಕೈ ದೊಡ್ಡಮ್ಮನ ಮಂಡಿಯ ಮೇಲಿತ್ತು. ದೊಡ್ಡಮ್ಮ ನೆಲ ನೋಡಿಕೊಂಡು ಮಾತಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಕೈ ಹಿಂದಕ್ಕೆ ಹೋಯಿತು. ಗೋಂದಕ್ಕ ಬೆಂಚಿನ ಮೇಲಿದ್ದ ತನ್ನ ಚೀಲವನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅದರ ಬಾಯಿ ಮುಚ್ಚಿ ಹಿಡಿದಳು. ಪುಟ್ಟಿಯ ಉಗುರು ಸೀಳಿತು, ಗಮನಿಸಲಿಲ್ಲ.

ಮೇಡಂ ಬಂದು ಪಕ್ಕದಲ್ಲಿ ನಿಂತರು. "ಪರೀಕ್ಷಕರಿಗೆ ಫೋನ್ ಮಾಡಿದೆ. ಮತ್ತೆ ಬರೆದು ಕೊಡಬೇಕಂತೆ. ಅಂದ್ರೆ ಡಿಗ್ರಿ ಮುಂದಿನ ವರ್ಷಕ್ಕೆ."

"ಆಯ್ತು ಮೇಡಂ," ಎಂದಳು ಪುಟ್ಟಿ, ಕಿಟಕಿಯಿಂದ ಕಣ್ಣು ಕೀಳದೆ.

ಗೋಂದಕ್ಕ ಎದ್ದಳು. ಒಬ್ಬಳೇ ಒಳಗೆ ಬಂದು ಪುಟ್ಟಿಯ ಮುಂದೆ ನಿಂತಳು. ಮುಖದಲ್ಲಿ ಅಳುವಿರಲಿಲ್ಲ, ಬಿಗಿದುಕೊಂಡಿತ್ತು.

"ನಮ್ಮ ಯಜಮಾನರು ಸಾಯೋವರೆಗೂ ನನ್ನ ನಂಬಲಿಲ್ಲ," ಎಂದಳು. "ನೀನೇ ಇಟ್ಕೊಂಡಿರ್ತೀಯ, ಮರೆತಿದ್ದೀಯ ಅಂತಿದ್ರು. ಕೊನೆಕೊನೆಗೆ ನನಗೂ ಹಾಗೇ ಅನ್ನಿಸೋದು."

ಗೋಂದಕ್ಕ ಒಮ್ಮೆ ಗೋಡೆಯಲ್ಲಿ ಬಣ್ಣ ಎದ್ದ ಜಾಗ ನೋಡಿದಳು.

"ಇವತ್ತು ನಾನು ಅವಳ ಜೊತೆ ಹೋಗಲ್ಲ. ಬಸ್ಸಿಗೆ ಹೋಗ್ತೀನಿ. ಅವಳನ್ನ ನೀನು ಮನೆ ಮುಟ್ಟಿಸು." ಚೀಲ ಹೆಗಲಿಗೆ ಏರಿಸಿದಳು. "ಮೆಟ್ಟಿಲು ಇಳಿಯೋವಾಗ ಎಡಗಡೆ ಹಿಡ್ಕೋ. ಆ ಕಾಲು ಅವಳಿಗೆ ನೆಟ್ಟಗಿಲ್ಲ, ಕೇಳಿದ್ರೆ ಒಪ್ಪಲ್ಲ."

ಬಾಗಿಲು ದಾಟಿ, ಬೆಂಚಿನ ಕಡೆ ತಿರುಗದೆ, ರಸ್ತೆಗೆ ಇಳಿದಳು.

ಪುಟ್ಟಿ ಹೊರಗೆ ಬಂದಳು. "ಹೋಗೋಣ್ವಾ ದೊಡ್ಡಮ್ಮ?"

"ಇರು," ಎಂದಳು ದೊಡ್ಡಮ್ಮ. ಕಣ್ಣು ರಸ್ತೆಯಾಚೆಯ ಬಸ್ ನಿಲ್ದಾಣದ ಮೇಲಿತ್ತು. "ಬಸ್ಸಲ್ಲಿ ಅವಳಿಗೆ ಸೀಟು ಸಿಗುತ್ತಾ ನೋಡೋಣ."