ಬಿಳಿ ದ್ರಾಕ್ಷಿಯ ಮಡಿ

"ಏಯ್ ಕೊಸೀಮಾ, ಬಾಯಿಗೇನು ಬೀಗ ಜಡ್ಕೊಂಡಿದೀಯ? ಹೊರಗಾಗಿದೀಯೋ ಇಲ್ವೋ, ಗಟ್ಟಿಯಾಗಿ ಬೊಗಳು. ಒಳಗಿರೋ ಧಣೇರ್ಗೂ ಕೇಳಿಸ್ಲಿ."

ಮೇಸ್ತ್ರಿ ಒರೊನ್ಸೊ ಹೀಗೆ ಕೇಳಿದ್ದು ನಡು ಅಂಗಳದಲ್ಲಿ, ಕೊಯ್ಲಿನ ಹೆಂಗಸರೆಲ್ಲರ ಎದುರಿಗೆ. ತಲೆಗೆ ಸಿಂಬಿ ಸುತ್ತಿಕೊಂಡು ನಿಂತಿದ್ದ ಕೊಸೀಮಾಳ ಕಾಲ ಬಳಿ ವೆರ್ದೇಕಾ ಎಂಬ ಬಿಳಿ ದ್ರಾಕ್ಷಿಯ ಬುಟ್ಟಿ. ನಸುಕಿನಿಂದ ಕೊಯ್ದ ಬುಟ್ಟಿಗಳೆಲ್ಲ ಅಲ್ಲೇ ಸಾಲಾಗಿ ಕೂತಿದ್ದವು. ಅವನ್ನು ಹೆಂಗಸರೇ ಹೊತ್ತು, ದ್ರಾಕ್ಷಿ ತುಳಿಯುವ ಮನೆಯ ಹೊಸಿಲು ದಾಟಿ, ಕಲ್ಲುತೊಟ್ಟಿಗೆ ಸುರಿಯಬೇಕು. ಒಳಗೆ ಗಂಡಸರು ಪ್ಯಾಂಟು ಮಡಚಿ, ಕಾಲು ತೊಳೆದು ಕಾಯುತ್ತಿದ್ದರು.

ಮುಟ್ಟಾದವಳು ಆ ಹೊಸಿಲು ದಾಟಿದರೆ ವೈನ್ ಹುಳಿಯಾಗುತ್ತದೆ ಎಂಬುದು ಸಲೆಂತೊ ಸೀಮೆಯಲ್ಲಿ ಮುತ್ತಜ್ಜಂದಿರ ಕಾಲದ ಮಾತು. ಇಷ್ಟು ವರ್ಷ ಹೆಂಗಸರು 'ಇಲ್ಲ' ಎಂದು ಹೇಳಿ ದಾಟುತ್ತಿದ್ದರು; ವೈನೂ ತನ್ನ ಪಾಡಿಗೆ ಚೆನ್ನಾಗಿಯೇ ಇರುತ್ತಿತ್ತು. ಹೋದ ವರ್ಷ ಒಂದು ಪೀಪಾಯಿ ಹುಳಿಯಾಯಿತು. ಪೀಪಾಯಿ ತೊಳೆಯಬೇಕಾದವನು ಧಣಿಯ ಭಾವಮೈದ. ಹಾಗಾಗಿ ತಪ್ಪು ಹೆಂಗಸರದಾಯಿತು.

ಈ ಸಲ ಧಣಿ ದೋನ್ ಅಕಿಲೆ ಪಾದ್ರಿಯನ್ನೇ ಕರೆಸಿದ್ದ. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಮೇರಿ ಮಾತೆಯ ಪಟ. ಅದರ ಮೇಲೆ ಕೈಯಿಟ್ಟು ಆಣೆ ಮಾಡಿದವಳಷ್ಟೇ ಒಳಗೆ. ಹೌದು ಎಂದವಳಿಗೆ ಈ ಸುಗ್ಗಿಯೂ ಇಲ್ಲ, ಚಳಿಗಾಲದ ಆಲಿವ್ ಕೂಲಿಯೂ ಇಲ್ಲ. ಕೊಸೀಮಾಳ ಮಕ್ಕಳು ಚಳಿಗಾಲ ಕಳೆಯುವುದು ಆ ಕೂಲಿಯ ಹಿಟ್ಟಿನಲ್ಲೇ. ಅವಳಿಗೆ ಮುಟ್ಟು ಬಂದದ್ದು ಇವತ್ತು ಬೆಳಿಗ್ಗೆ, ಬಳ್ಳಿಯ ಬುಡದಲ್ಲಿ ಬಗ್ಗಿದ್ದಾಗ. ಮೇಸ್ತ್ರಿಗೆ ಸುಳ್ಳು ಹೇಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಮಾತೆಗೆ ಹೇಳಲು ನಾಲಿಗೆ ಏಳಲಿಲ್ಲ.

"ಅವ್ಳು ಯೋಚ್ನೆ ಮಾಡ್ಲಿ ಬಿಡ್ಲಾ. ಮೊದ್ಲು ನನ್ನ ಕೇಳು."

ಕೊಯ್ಲಿನವರಲ್ಲೇ ಹಿರಿಯಳಾದ ದೊನಾತಾ ಅಜ್ಜಿ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ಪಟಕ್ಕೆ ಬಗ್ಗಿ, "ನೀನೂ ಹೆಣ್ಣೇ ಅಲ್ವೇನವ್ವ, ಹೊಟ್ಟೆಗಾಕ್ಕೋ" ಎಂದು ಪಿಸುಗುಟ್ಟಿದಳು. ಆಮೇಲೆ ಕೈಯಿಟ್ಟು ಅಂಗಳ ಅದುರುವಂತೆ ಹೇಳಿದಳು: "ಮಾತೆ ಆಣೆಗೂ ಹೊರಗಾಗಿದೀನಿ."

"ಥೂ ಮುದುಕಿ, ಬಾಯಲ್ಲಿ ಹಲ್ಲಿಲ್ಲ..."

"ಹಲ್ಲಿಗೂ ಅದ್ಕೂ ಏನ್ಲಾ ಸಂಬಂಧ? ನಿಮ್ಮವ್ವ ಹೇಳ್ಕೊಡ್ಲಿಲ್ವಾ?"

ಪಾದ್ರಿ ಕೆಮ್ಮಿದ. "ದೊನಾತಾ, ಪಾಪ ಸುತ್ಕೊಳ್ಳುತ್ತೆ. ನಿನಗೆ ಎಪ್ಪತ್ತು ದಾಟಿದೆ."

"ದೇವ್ರ ಪುಸ್ತಕದಲ್ಲಿ ಸಾರಾಗೆ ತೊಂಬತ್ತಕ್ಕೆ ಮಗು ಆಯ್ತು ಅಂತ ಹೋದ ಭಾನ್ವಾರ ನೀವೇ ಹೇಳಿದ್ರಲ್ಲ ಸ್ವಾಮಿ. ಹೊರಗಾಗ್ದೆ ಮಗು ಆಯ್ತದಾ? ದೇವ್ರಿಗೆ ಅವ್ಳ ಮೇಲಿದ್ದ ಕರುಣೆ ನನ್ಮೇಲೆ ಇರಬಾರ್ದಾ?"

ಪಾದ್ರಿಗೆ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುವ ತುರ್ತು ಬಂತು.

ಅಷ್ಟರಲ್ಲಿ ಕೊಯ್ಲಿನ ಇನ್ನೊಬ್ಬಳು, ಇಪ್ಪಾತ್ಸಿಯಾ, ಪಟ ಮುಟ್ಟಿದ್ದಳು. "ನಾನೂ ಹೊರಗೇ."

"ಲೇ, ನಿನ್ ಹೊಟ್ಟೆ ಮೂಗಿಗೆ ಬಂದದೆ! ಇವತ್ತೋ ನಾಳೆಯೋ ಹೆರೋಳು ನೀನು!" ಮೇಸ್ತ್ರಿ ಅರಚಿದ.

"ಅದೇ ನಂಗೂ ಆಶ್ಚರ್ಯ ಕಣಣ್ಣ."

ನಗು ಹತ್ತಿಕೊಂಡಿತು. ಒಬ್ಬೊಬ್ಬಳೂ ಬಂದು, ಪಟ ಮುಟ್ಟಿ, ಹೌದು ಎಂದು, ಅಂಜೂರದ ಮರದ ನೆರಳಿಗೆ ಹೋಗಿ ಕಾಲು ಚಾಚಿ ಕೂತಳು. ಕೊಸೀಮಾಳನ್ನೂ ಯಾರೋ ತೋಳು ಹಿಡಿದು ಎಳೆದು ಕೂರಿಸಿದರು. ಅವಳು ಇನ್ನೂ ಉತ್ತರ ಕೊಟ್ಟಿರಲೇ ಇಲ್ಲ.

ಕಡಲ ಕಡೆಯಿಂದ ಬಿಸಿಗಾಳಿ ಎದ್ದಿತು. ಬಿಸಿಲು ಬುಟ್ಟಿಗಳ ಮೇಲೆ ಏರಿತು. ಬಿಳಿ ದ್ರಾಕ್ಷಿ ಕಾಯುವ ಜಾತಿಯದಲ್ಲ. ತಳದಲ್ಲಿ ಜಜ್ಜಿದ ಹಣ್ಣಿನ ರಸ ನೆಲಕ್ಕೆ ಇಳಿಯಿತು; ಕಣಜದ ಹುಳುಗಳು ಮುತ್ತಿದವು. ಮೇಸ್ತ್ರಿ ಟೋಪಿ ಬೀಸಿ ಕಣಜ ಓಡಿಸಹೋಗಿ ಕಿವಿಗೆ ಕಚ್ಚಿಸಿಕೊಂಡ.

"ಸ್ವಲ್ಪ ವೈನ್ ಹಚ್ಕೋ," ಅಜ್ಜಿ ನೆರಳಿನಿಂದಲೇ ಕೂಗಿದಳು. "ಹುಳಿಯಾಗಿರೋದು ಒಂದ್ ಪೀಪಾಯಿ ಅದೆಯಲ್ಲ."

ದೋನ್ ಅಕಿಲೆ ಹೊರಗೆ ಬಂದ. ಒಂದು ಗೊಂಚಲು ಎತ್ತಿ ಮೂಸಿದ. ಮುಖ ಗಂಟಾಯಿತು. "ಒರೊನ್ಸೊ, ಪಟ ಎತ್ತು. ಯಾರನ್ನೂ ಏನೂ ಕೇಳ್ಬೇಡ. ಏಳಿ, ಹೊತ್ಕೊಳ್ಳಿ ಎಲ್ಲರೂ."

ಹೆಂಗಸರು ಲಂಗ ಕೊಡವಿಕೊಂಡು ಎದ್ದರು. ಗೆದ್ದೆವೆಂದು ಅಜ್ಜಿ ಕಣ್ಣು ಹೊಡೆದಳು. ಕೊಸೀಮಾಳಿಗೆ ಮಾತ್ರ ಹೊಟ್ಟೆಯ ನೋವಿನ ನಡುವೆಯೇ ಇನ್ನೊಂದು ವಿಷಯ ಹೊಳೆಯಿತು. ಇವತ್ತು ಗಾಳಿ ಬಿಸಿ. ನಾಳೆ ತಂಪಾಗಿದ್ದರೆ ಪಟ ಮತ್ತೆ ಸ್ಟೂಲು ಹತ್ತುತ್ತದೆ.

"ಇರಣ್ಣ, ಎತ್ಬೇಡ," ಎಂದಳು ಮೇಸ್ತ್ರಿಗೆ. ಅವಳ ದನಿ ಅವಳಿಗೇ ಹೊಸದಾಗಿತ್ತು. "ನಾನ್ ಹೇಳೋದು ಬಾಕಿ ಅದೆ."

"ಕೇಳೋದಿಲ್ಲ ಅಂದ್ನಲ್ಲಮ್ಮ," ಧಣಿ ಅವಸರಿಸಿದ.

"ಕೇಳ್ದೆ ಇದ್ರೂ ಹೇಳ್ತೀನಿ ಧಣಿ." ಪಟದ ಮೇಲೆ ಕೈಯಿಟ್ಟಳು. ಗಾಜು ಬಿಸಿಲಿಗೆ ಸುಡುತ್ತಿತ್ತು. "ಹೊರಗಾಗಿದೀನಿ. ಇವರೆಲ್ಲ ಆಡಿದ್ದು ತಮಾಷೆ. ನಂದು ದಿಟ."

ಅಜ್ಜಿಯ ಬಾಯಿ ತೆರೆದೇ ಇತ್ತು. ಕೊಸೀಮಾ ಮಂಡಿಯೂರಿ ಬುಟ್ಟಿ ಎತ್ತಿ ಸಿಂಬಿಯ ಮೇಲಿಟ್ಟಳು. ನೇರ ಬಾಗಿಲಿಗೆ ನಡೆದಳು. ದೋನ್ ಅಕಿಲೆ ಅವಳಿಗಿಂತ ಮೊದಲು ಓಡಿ ಹೊಸಿಲ ಮೇಲೆ ನಿಂತ. ಅವನ ಬೆನ್ನ ಹಿಂದೆ, ಇನ್ನೂ ಬರಿದಾಗೇ ಇದ್ದ ಕಲ್ಲುತೊಟ್ಟಿಯಲ್ಲಿ ಗಂಡಸರು ಬರಿಗಾಲಲ್ಲಿ ನಿಂತು ಕತ್ತು ಚಾಚಿದರು.

ಬುಟ್ಟಿಯಿಂದ ರಸ ಸೋರಿ ಅವಳ ಹಣೆಗೆ, ಹುಬ್ಬಿಗೆ, ತುಟಿಗೆ ಇಳಿಯಿತು. ಅವಳು ಅದನ್ನು ನೆಕ್ಕಿಕೊಂಡಳು.

"ಭಾರ ಅದೆ ಧಣಿ," ಎಂದಳು. "ಬೇಗ ಯೋಚ್ನೆ ಮಾಡಿ."