ಪಠ್ಯದಲ್ಲಿಲ್ಲದ ಬೀಗ

ಉತ್ತರಪತ್ರಿಕೆಗಳನ್ನು ಹಂಚಿ, ಮಕ್ಕಳನ್ನು ಮನೆಗೆ ಕಳಿಸಿ, ಸ್ಟಾಫ್ ರೂಮಿಗೆ ಬಂದು ಕೂತಾಗ ಮೂರೂವರೆ ದಾಟಿತ್ತು. ಅರಸೀಕೆರೆಯ ಆ ಪಿಯು ಕಾಲೇಜಿಗೆ ನಾನು ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಸೇರಿ ಐದು ತಿಂಗಳು. ಕಿರುಪರೀಕ್ಷೆಯ ಪ್ರಶ್ನೆ ನನ್ನದೇ. ಹಳೆಯ ಕಾವ್ಯಭಾಗದ ರಾಣಿ ದುಃಖ ಬಂದಾಗ ಹನ್ನೆರಡು ಪದ್ಯಗಳಷ್ಟು ಮಾತಾಡುತ್ತಾಳೆ. ಹೊಸ ಕಥೆಯಲ್ಲಿ ಅಣ್ಣ ಮದುವೆ ಗೊತ್ತುಮಾಡಿದಾಗ ತಂಗಿ ತುಟಿ ಬಿಚ್ಚುವುದಿಲ್ಲ. ಅವಳು ಯಾಕೆ ಸುಮ್ಮನಿದ್ದಾಳೆ, ಅಣ್ಣ ತಂಗಿಯ ಸಂಬಂಧ ಎಂಥದು ಎಂದು ಬರೆಯಬೇಕಿತ್ತು. "ಗೈಡ್ ನೋಡಬೇಡಿ. ನಿಮಗನ್ನಿಸಿದ್ದು ಬರೀರಿ. ಓದೋದು ನಾನೊಬ್ಬಳೇ," ಎಂದು ತರಗತಿಯಲ್ಲಿ ಹೇಳಿದ್ದೆ.

ಇತಿಹಾಸದ ಇಂದುಧರ ಸರ್ ಎದುರು ಕೂತು ಟಿಫನ್ ಡಬ್ಬಿ ಒರೆಸುತ್ತಿದ್ದರು.

"ಹೇಗೆ ಬರ್ದಿದಾರೆ ಪ್ರತಿಮಾ, ನಿಮ್ಮ ವಿಮರ್ಶಕರು?"

"ಒಬ್ಬಳು ಕಥೇನೇ ಬದಲಾಯಿಸಿಬಿಟ್ಟಿದಾಳೆ ಸರ್. ಅಣ್ಣ ತೋಟಕ್ಕೆ ಹೋಗುವಾಗ ಹೊರಗಿಂದ ಬೀಗ ಹಾಕ್ತಾನಂತೆ. ಶನಿವಾರ ಅವನು ಬೆಟ್ಟದ ದೇವರಿಗೆ ಹೋದಾಗ ತಂಗಿ ಮನೇಲಿ ಏನೋ ನೆಪ ಹೇಳಿ, ಬಸ್ ಹತ್ತಿ ದೊಡ್ಡಮ್ಮನ ಮನೆ ಸೇರ್ತಾಳಂತೆ."

"ಅದು ಎತ್ತಿನಗಾಡಿ ಕಾಲದ ಕಥೆ ಅಲ್ವೇನ್ರೀ? ಬಸ್ ಯಾರು ಬಿಟ್ರು, ನಿಮ್ಮ ರಾಣೀನಾ?"

ಅವರು ನಕ್ಕರು. ನಾನೂ ನಕ್ಕೆ. ಆ ಬಸ್ಸು ಕಥೆಯದಲ್ಲ, ಬರೆದವಳದು ಎಂದು ನಗುತ್ತಿದ್ದ ಹಾಗೇ ಹೊಳೆಯಿತು.

ಬರೆದವಳು ಕಣಕಟ್ಟೆಯ ಹೇಮಾಶ್ರೀ. ಅಪ್ಪ ಇಲ್ಲ, ಅಮ್ಮ ಇಲ್ಲ. ದಾಖಲಾತಿಯಲ್ಲಿ ಪೋಷಕರ ಜಾಗದಲ್ಲಿ ಅಣ್ಣ ಮಧುಕುಮಾರನ ಹೆಸರು. ಬೀಗ, ಬಸ್ಸು, ದೊಡ್ಡಮ್ಮ ಇದ್ದ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದು, "ಇದು ಪಠ್ಯದಲ್ಲಿಲ್ಲ, ಎಲ್ಲಿಂದ ಬಂತು?" ಎಂದು ಬರೆದಿದ್ದೆ. ಪ್ರತಿ ಪತ್ರಿಕೆಗೂ ಪೋಷಕರ ಸಹಿ ಹಾಕಿಸಿ ಮರುದಿನ ತರಬೇಕೆನ್ನುವುದು ಪ್ರಿನ್ಸಿಪಾಲರ ನಿಯಮ. ಪತ್ರಿಕೆ ತೆಗೆದುಕೊಂಡವಳು ಅದನ್ನು ನೋಡಿ, ನನ್ನನ್ನು ನೋಡಿ, ಮೇಜಿನ ಹತ್ತಿರ ಒಂದು ಕ್ಷಣ ನಿಂತಿದ್ದಳು. ನಾನು ಮುಂದಿನ ರೋಲ್ ನಂಬರ್ ಕೂಗಿದ್ದೆ.

"ಕಣಕಟ್ಟೆ ಬಸ್ ಎಷ್ಟೊತ್ತಿಗೆ ಸರ್?"

"ಈಗ ತಾನೆ ಹೋಯ್ತಲ್ಲ. ಇನ್ನು ನಾಲ್ಕಕ್ಕೆ."

ಅರ್ಧ ಗಂಟೆ. ಫೋನ್ ಮಾಡೋಣವೆಂದರೆ ರಿಜಿಸ್ಟರಿನಲ್ಲಿದ್ದದ್ದು ಅಣ್ಣನದೇ ನಂಬರ್. ನಾನು ಹತ್ತಿದ ನಾಲ್ಕರ ಬಸ್ಸು ಪ್ರತಿ ಊರಿನ ಗೇಟಿನಲ್ಲೂ ನಿಂತು ಜನರನ್ನು ಇಳಿಸುತ್ತಿತ್ತು. ಬಹುಶಃ ಅವನು ತೋಟದಿಂದ ಇನ್ನೂ ಬಂದಿರಲಿಕ್ಕಿಲ್ಲ, ಓದದೆ ಸಹಿ ಹಾಕುವವನಿರಬಹುದು ಎಂದುಕೊಳ್ಳುತ್ತಾ ಕೂತಿದ್ದೆ.

ಕೇಳಿಕೊಂಡು ಮನೆ ಮುಟ್ಟಿದಾಗ ಮಧುಕುಮಾರ ಜಗಲಿಯ ಮೇಲೆ ಕೂತಿದ್ದ. ಪತ್ರಿಕೆ ತೊಡೆಯ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಅಜ್ಜಿ ಹುಚ್ಚಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಹೇಮಾಶ್ರೀ ಯೂನಿಫಾರ್ಮಿನಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು.

"ಬನ್ನಿ ಮೇಡಂ," ಎಂದ. "ಸೈನ್ ಹಾಕಾನ ಅಂತ ತಗಂಡೆ. ನಾನೇನ್ ಓದೋನಲ್ಲ. ಕೆಂಪಿಂಕು ಕಣ್ಣಿಗೆ ಬಿತ್ತು. ಪಾಠದಲ್ಲಿಲ್ಲ ಅಂತ ಬರ್ದಿದೀರಿ. ಮತ್ತೆ ಎಲ್ಲೈತೆ ಇದು?"

"ತಪ್ಪು ನನ್ನದು. ಅದು ಬೇರೆ ಪುಸ್ತಕದ ಕಥೆ. ಲೈಬ್ರರೀಲಿ ಓದಿದಾಳೆ. ಗೊತ್ತಾಗದೆ ಗೆರೆ ಎಳೆದುಬಿಟ್ಟೆ."

"ಪುಸ್ತಕದ ಹೆಸ್ರು?"

ಎಂ.ಎ. ಮುಗಿಸಿದ ನನಗೆ ಒಂದು ಪುಸ್ತಕದ ಹೆಸರೂ ಬಾಯಿಗೆ ಬರಲಿಲ್ಲ.

"ಬ್ಯಾಡ ಬಿಡಿ," ಎಂದ. "ಬೀಗ ಹಾಕೋನು ಕೆಟ್ಟೋನು ಅಂತ ಬರ್ದ್ರೆ ಮಾರ್ಕ್ಸ್ ಬತ್ತದೆ. ಅವನಿಗೇನ್ ದಿಗಿಲೈತೆ ಅಂತ ಯಾರಾದ್ರೂ ಬರ್ದವ್ರಾ? ಅಪ್ಪ ಸಾಯೋವಾಗ ತಂಗಿ ಕೈನ ಅವನ ಕೈಲಿ ಇಟ್ಟಿದ್ನ ಬರ್ದವ್ರಾ?"

"ದಿಗಿಲು ಬರ್ದಿದೀನಿ," ಎಂದಳು ಹೇಮಾಶ್ರೀ. "ಹಾಳೆ ತಿರುವಿ ಹಾಕು ಅಣ್ಣ."

ಹಿಂದಿನ ಪುಟದಲ್ಲಿ ಕೆಂಪು ಗೆರೆ ಇರಲಿಲ್ಲ. ಕೆಳಗೆ ಒಂದು ಟಿಕ್ ಹಾಕಿ ಮುಂದಿನ ಪತ್ರಿಕೆ ಎತ್ತಿಕೊಂಡಿದ್ದೆ, ಓದಿರಲಿಲ್ಲ. ಅವನು ತುಟಿ ಆಡಿಸುತ್ತಾ ಓದಿದ. ನಾನು ಬಗ್ಗಿ ಅವನ ಜೊತೆಗೇ ಓದಿದೆ.

'ಅಣ್ಣ ಕೆಟ್ಟವನಲ್ಲ. ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತಾನೆ. ಆಮೇಲೂ ಹೋಗದೆ ಅಲ್ಲೇ ನಿಲ್ಲುತ್ತಾನೆ. ಬಾಗಿಲ ಸಂದಿಯಲ್ಲಿ ಅವನ ಪಾದ ಕಾಣುತ್ತದೆ. ತಂಗಿ ಕರೆದರೆ ಅವನು ತೆಗೆಯಬಹುದು. ಕರೆದರೂ ತೆಗೆಯದಿದ್ದರೆ ಎಂದು ಹೆದರಿ ಅವಳು ಕರೆಯುವುದಿಲ್ಲ. ಅದಕ್ಕೇ ಸುಮ್ಮನಿದ್ದಾಳೆ.'

ಮಧುಕುಮಾರ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

"ಸೋಮವಾರ ಗಂಡಿನ ಕಡೆಯೋರು ಬತ್ತಾವ್ರೆ. ನಾಳೆಯಿಂದ ಇವಳು ಕಾಲೇಜಿಗೆ ಬರಕಿಲ್ಲ. ನೀವು ಹೊರಡಿ ಮೇಡಂ."

"ಅವಳಿಗಿನ್ನೂ ಹದಿನೇಳು," ಎಂದೆ. "ಇವಳನ್ನ ಬಿಟ್ಟು ನಾನೊಬ್ಬಳೇ ಹೊರಟರೆ ಹೋಗೋದು ಪೊಲೀಸ್ ಸ್ಟೇಷನ್ನಿಗೆ."

ಅವನು ಎದ್ದು ನಿಂತ. ಅಷ್ಟೆತ್ತರದ ಆಳು ಎಂದು ಕೂತಿದ್ದಾಗ ಗೊತ್ತಾಗಿರಲಿಲ್ಲ.

"ಏನ್ಲಾ, ಮನೆಗ್ ಬಂದ ಮೇಷ್ಟ್ರಮ್ಮನ್ನ ಹೊಡ್ದೀಯಾ?" ಎಂದಳು ಹುಚ್ಚಮ್ಮ, ತಲೆ ಎತ್ತದೆ. "ಹೋಗ್ಲಿ ಬಿಡು. ಅವಳ ದೊಡ್ಡಮ್ಮನ ಮನೆ ಹಳೇಬೀಡಲ್ಲೈತೆ ಕಣೋ, ದುಬೈಲಲ್ಲ."

ಹೇಮಾಶ್ರೀ ಒಳಗೆ ಹೋಗಿ ಕಾಲೇಜಿನ ಬ್ಯಾಗನ್ನೇ ಹಾಕಿಕೊಂಡು ಬಂದಳು. ಅವನು ಮೆಟ್ಟಿಲಿಗೆ ಅಡ್ಡ ನಿಂತಿದ್ದ.

"ದಾರಿ ಬಿಡು ಅಣ್ಣ."

ಅವನು ಸರಿಯಲಿಲ್ಲ. ಕೈಯನ್ನೂ ಎತ್ತಲಿಲ್ಲ. ಅವಳು ಗೋಡೆಗೆ ಒತ್ತಿಕೊಂಡು ಅವನ ಪಕ್ಕದಲ್ಲೇ ನುಸುಳಿ ಇಳಿದಳು.

ರಸ್ತೆಯವರೆಗೂ ಪ್ರತಿ ಬೈಕಿನ ಸದ್ದಿಗೂ ನಾನು ತಿರುಗಿ ನೋಡಿದೆ. ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಿದೆವು. ಜಾವಗಲ್ ದಾಟುವಷ್ಟರಲ್ಲಿ ಕ್ಷಮಿಸು ಎನ್ನಬೇಕೆಂದು ಎರಡು ಸಲ ಹೊರಟು, ಕೊನೆಗೆ ಅವಳ ಬ್ಯಾಗನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಹಳೇಬೀಡಿನಲ್ಲಿ ದೊಡ್ಡಮ್ಮ ಮಹದೇವಮ್ಮ ನಮಗೆ ಕಾಫಿ ತಂದಿಡುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಹೆಸರು ನೋಡಿ ಸ್ಪೀಕರ್‌ಗೆ ಹಾಕಿ ಮಣೆಯ ಮೇಲಿಟ್ಟಳು.

"ಸೋಮವಾರ ಅವ್ರು ಬತ್ತಾರೆ ದೊಡ್ಡವ್ವ," ಎಂದ ಮಧುಕುಮಾರ. "ನಾನೇನಂತ ಹೇಳ್ಲಿ?"

ಮಹದೇವಮ್ಮ ನನ್ನ ಮುಖ ನೋಡಿದಳು. ನಾನು ಹೇಮಾಶ್ರೀಯ ಮುಖ ನೋಡಿದೆ. ಅವಳು ಲೋಟ ಕೆಳಗಿಟ್ಟು ಫೋನಿನ ಹತ್ತಿರ ಬಗ್ಗಿದಳು.

"ಬರಬ್ಯಾಡಿ ಅನ್ನು."

"ಯಾಕೆ ಅಂದ್ರೆ?"

"ನಮ್ ತಂಗಿ ಒಪ್ಪಿಲ್ಲ ಅನ್ನು ಅಣ್ಣ. ಅಷ್ಟೇ."

ಆ ಕಡೆಯಿಂದ ಮಾತು ಬರಲಿಲ್ಲ. ಫೋನ್ ಕಟ್ ಆಗಲೂ ಇಲ್ಲ. ಅವಳು ಹಾಗೇ ಬಗ್ಗಿಕೊಂಡು ಕಾಯುತ್ತಿದ್ದಳು.